ಸೀನಪ್ಪಣ್ಣ ಹಾಕದ ಸಹಿ

ಸೀನಪ್ಪ ಕಾಂಚನ್ ಅವರ ಬಗ್ಗೆ ದೋಹಾದಲ್ಲಿರುವ ನಮ್ಮ ಊರಿನವರು ಈಗ ಒಂದೇ ಮಾತು ಹೇಳುತ್ತಾರೆ: ಹಾಳಾದ ಹಡಗಿಗೆ ಸಹಿ ಹಾಕಿ ಇಬ್ಬರ ಜೀವ ತೆಗೆದ ಮನುಷ್ಯ. ಹಾಗಲ್ಲ ಎಂದು ಹೇಳಬಲ್ಲವಳು ನಾನೊಬ್ಬಳೇ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ಬೆನಿಟಾ. ಊರು ಶಿರ್ವ. ಹಡಗುಗಳ ಉಕ್ಕು ಎಷ್ಟು ಸವೆದಿದೆ ಎಂದು ಅಳೆದು ವರದಿ ಕೊಡುವ ದೋಹಾದ ಒಂದು ಸಣ್ಣ ಕಂಪೆನಿಯಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದೆ. ವರದಿಗಳನ್ನು ಟೈಪ್ ಮಾಡಿ, ಜೋಡಿಸಿ, ಕಳಿಸುವುದು ನನ್ನ ಕೆಲಸ. ಅಳೆಯುವವರಲ್ಲಿ ಎಲ್ಲರಿಗಿಂತ ಹಿರಿಯರು ಸೀನಪ್ಪಣ್ಣ. ನಾವಿಬ್ಬರೂ ತುಳುವಿನಲ್ಲೇ ಮಾತಾಡುತ್ತಿದ್ದೆವು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವಂತೆ ಅವರು ನನ್ನನ್ನು ‘ಬಾಯಿ’ ಎನ್ನುತ್ತಿದ್ದರು.

ಅವರು ಉಚ್ಚಿಲದ ಮೊಗವೀರರು. ತಂದೆ, ಅಣ್ಣ, ಮಾವಂದಿರು ಎಲ್ಲರೂ ಮೀನಿನ ಬೋಟಿನವರು. ಆದರೆ ಸೀನಪ್ಪಣ್ಣನಿಗೆ ಸಮುದ್ರ ಆಗುತ್ತಿರಲಿಲ್ಲ. ದಡ ಬಿಟ್ಟು ಅರ್ಧ ಗಂಟೆಯೊಳಗೆ ವಾಂತಿ ಶುರು. ಹದಿನೇಳನೆಯ ವಯಸ್ಸಿನಲ್ಲಿ ಇಡೀ ಒಂದು ದಿನ ಬಲೆಯ ರಾಶಿಯ ಮೇಲೆ ಬಿದ್ದುಕೊಂಡಿದ್ದ ಅವರನ್ನು ದಡಕ್ಕೆ ತಂದು ಇಳಿಸಿದಾಗ ಊರಿನ ಹೆಂಗಸರೆಲ್ಲ ನಕ್ಕರಂತೆ. ಅದನ್ನು ಅವರೇ ಹೇಳಿಕೊಂಡು ನಗುತ್ತಿದ್ದರು. ಆಮೇಲೆ ಮಲ್ಪೆಯಲ್ಲಿ ವೆಲ್ಡಿಂಗ್ ಕಲಿತು, ಇಪ್ಪತ್ತೈದರ ಸುಮಾರಿಗೆ ಕತಾರಿಗೆ ಬಂದರು. ಕಟ್ಟಿ ನಿಲ್ಲಿಸಿದ ಹಡಗುಗಳ ಹೊಟ್ಟೆಯೊಳಗೇ ಮುಂದಿನ ಇಪ್ಪತ್ತೇಳು ವರ್ಷ ಕಳೆದರು. ಹೆಂಡತಿ ಲಲಿತಮ್ಮ ಊರಲ್ಲಿ. ಮಕ್ಕಳಿಲ್ಲ. ಅಕ್ಕನ ಮಗ ಕೃತಿಕ್ ಎಂದರೆ ಪ್ರಾಣ. ಅವನನ್ನು ಕತಾರಿಗೆ ಕರೆತಂದು, ಹಮದ್ ಬಂದರಿನಲ್ಲಿ ಭಾರ ಎತ್ತುವ ರಿಗ್ಗರ್ ಕೆಲಸಕ್ಕೆ ಸೇರಿಸಿದವರೂ ಅವರೇ.

ದಪ್ಪ ಅಳೆಯುವುದಕ್ಕೆ ಅಂಗೈಯಗಲದ ಒಂದು ಮೆಷಿನ್ ಇದೆ. ಉಕ್ಕಿನ ಮೇಲೆ ಸ್ವಲ್ಪ ಜೆಲ್ ಹಚ್ಚಿ ಅದರ ತುದಿ ಒತ್ತಿದರೆ ಎಷ್ಟು ಮಿಲಿಮೀಟರ್ ಉಳಿದಿದೆ ಎಂದು ತೋರಿಸುತ್ತದೆ. ಸೀನಪ್ಪಣ್ಣ ಮೆಷಿನ್ ಇಡುವ ಮೊದಲು ಸುತ್ತಿಗೆಯಿಂದ ಒಮ್ಮೆ ತಟ್ಟಿ ಕೇಳುತ್ತಿದ್ದರು. ಗಟ್ಟಿ ಉಕ್ಕು ಗಂಟೆಯ ಹಾಗೆ ಮಾತಾಡುತ್ತದೆ, ಸತ್ತ ಉಕ್ಕು ಒದ್ದೆ ಹಲಗೆಯ ಹಾಗೆ ಎಂದು ಹೇಳುತ್ತಿದ್ದರು. ತಟ್ಟಿ ಒಂದು ಅಂದಾಜು ಹೇಳಿ, ಆಮೇಲೆ ಮೆಷಿನ್ ಇಟ್ಟು ನೋಡಿದರೆ ಅರ್ಧ ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದದ್ದನ್ನು ಯಾರೂ ಕಂಡಿಲ್ಲ.

2023ರ ಫೆಬ್ರವರಿಯಲ್ಲಿ ‘ಟೆಸ್ಸಾ ಮರೇ’ ಎಂಬ ಹಡಗು ನಮ್ಮ ಪಾಲಿಗೆ ಬಂತು. ಅಲ್ ಶಮಾಲ್ ದಾರಿಯಲ್ಲಿ ಉತ್ತರಕ್ಕೆ ಹೋಗಿ ಸಮುದ್ರದ ಕಡೆ ತಿರುಗಿದರೆ ಸಿಗುವ ಒಂದು ಖಾಸಗಿ ಜೆಟ್ಟಿಯಲ್ಲಿ ಅದನ್ನು ಕಟ್ಟಿದ್ದರು. ಹಿಂದೆ ಅದು ಮುಳುಗುಗಾರರ ಹಡಗಾಗಿತ್ತು. ಮುಳುಗುವವರನ್ನು ನೇರವಾಗಿ ನೀರಿಗಿಳಿಸಲು ಅದರ ಹೊಟ್ಟೆಯ ನಟ್ಟನಡುವೆ ಬಾವಿಯಂಥ ಒಂದು ತೂತು ಇತ್ತು. ಹಡಗಿನವರು ಅದನ್ನು ಮೂನ್‌ಪೂಲ್ ಎನ್ನುತ್ತಾರೆ. ಎರಡು ವರ್ಷ ಕೆಲಸವಿಲ್ಲದೆ ಬಿದ್ದಿದ್ದ ಆ ಹಡಗನ್ನು ಹೊಸ ಮಾಲೀಕರು ಕೊಂಡು ವಜ್ರದ ಹಡಗು ಮಾಡಲು ಹೊರಟಿದ್ದರು.

ವಜ್ರದ ಹಡಗು ಎಂದರೇನೆಂದು ನನಗೆ ಹೇಳಿದವರು ಸೀನಪ್ಪಣ್ಣನೇ. ಆಫ್ರಿಕಾದಲ್ಲಿ ನಮೀಬಿಯಾ ಎಂಬ ದೇಶ ಇದೆ. ನದಿಗಳು ಯಾವ ಕಾಲದಲ್ಲೋ ಹೊತ್ತು ತಂದ ವಜ್ರಗಳು ಅಲ್ಲಿ ಸಮುದ್ರದ ತಳದ ಜಲ್ಲಿಯಲ್ಲಿ ಸೇರಿಕೊಂಡಿವೆ. ಹಡಗಿನ ಹೊಟ್ಟೆಯ ತೂತಿನಿಂದ ದೊಡ್ಡ ಕೊಳವೆ ಇಳಿಸಿ, ನೂರಿಪ್ಪತ್ತು ಮೀಟರ್ ಕೆಳಗಿನ ಮರಳು, ಜಲ್ಲಿ ಎಲ್ಲವನ್ನೂ ಹೀರಿ ಮೇಲೆ ತರುತ್ತಾರೆ. ಅಲ್ಲೇ ಜರಡಿ ಹಿಡಿದು ಉಳಿದದ್ದನ್ನು ಸಮುದ್ರಕ್ಕೇ ಚೆಲ್ಲುತ್ತಾರೆ. ಸಿಕ್ಕಿದ ವಜ್ರವನ್ನು ಮನುಷ್ಯರ ಕೈ ಮುಟ್ಟುವುದಿಲ್ಲ. ಮೆಷಿನ್ನೇ ಆರಿಸಿ, ಡಬ್ಬಿಗೆ ಹಾಕಿ ಮುಚ್ಚುತ್ತದೆ.

“ಆ ತೂತಿನ ಮೇಲೆ ಈಗ ಗೋಪುರದ ಹಾಗೆ ಒಂದು ಕಟ್ಟಿದ್ದಾರೆ ಬೆನಿಟಾ ಬಾಯಿ,” ಎಂದರು ಸೀನಪ್ಪಣ್ಣ. “ಕೊಳವೆಯ ಭಾರ ಎಲ್ಲ ಅದರ ಮೇಲೆ. ಗೋಪುರದ ಭಾರ ತೂತಿನ ಅಂಚಿನ ಮೇಲೆ. ಅಂಚು ಎಂಥದ್ದು ಅಂತ ನಾನು ನೋಡ್ಲಿಕ್ಕುಂಟು.”

ಒಂದು ದಿನ ಕೆಲವು ಕಾಗದ ಕೊಡಲು ನಾನೇ ಅಲ್ಲಿಗೆ ಹೋಗಿದ್ದೆ. ಗಾಳಿ ಇರಲಿಲ್ಲ. ಜೆಟ್ಟಿಯ ಪಕ್ಕದ ನೀರು ಕನ್ನಡಿಯಂತೆ ಇತ್ತು. ಸೀನಪ್ಪಣ್ಣ ನನ್ನನ್ನು ಮೂನ್‌ಪೂಲ್ ಪಕ್ಕಕ್ಕೆ ಕರೆದುಕೊಂಡು ಹೋದರು. ಹೊರಗೆ ಅಲ್ಲಾಡದ ಸಮುದ್ರ ಆ ತೂತಿನೊಳಗೆ ಮಾತ್ರ ಏರಿ ಇಳಿಯುತ್ತಿತ್ತು. ಕಪ್ಪು ನೀರು, ನಿಧಾನವಾಗಿ, ಯಾರೋ ನಿದ್ದೆಯಲ್ಲಿ ಉಸಿರಾಡುವ ಹಾಗೆ. ನೋಡುತ್ತಿದ್ದಂತೆ ಕಾಲ ಕೆಳಗಿನ ಉಕ್ಕಿನೊಳಗಿಂದ ‘ಟಕ್’ ಎಂದು ಒಂದು ಸದ್ದು ಬಂತು. ನಾನು ಬೆಚ್ಚಿದೆ.

“ಬಿಸಿಲಿಗೆ ಉಕ್ಕು ಹಿಗ್ಗುವ ಸದ್ದಾ?” ಎಂದು ಕೇಳಿದೆ.

“ಬಿಸಿಲು ಇನ್ನೂ ಎಲ್ಲಿ ಬಂದಿದೆ?” ಎಂದರು ಅವರು. ಸಮಯ ಬೆಳಿಗ್ಗೆ ಏಳೂವರೆ.

ಮೂನ್‌ಪೂಲಿನ ಬಲಗೋಡೆಗೆ ತಾಗಿ ನಾಲ್ಕನೇ ನಂಬರಿನ ಟ್ಯಾಂಕ್ ಇತ್ತು. ಹಡಗಿನ ತೂಕ ಸರಿದೂಗಿಸಲು ಸಮುದ್ರದ ನೀರು ತುಂಬಿ ಖಾಲಿ ಮಾಡುವ ಟ್ಯಾಂಕ್ ಅದು. ಒಳಗೆ ಹೊಸ ಬಣ್ಣ ಬಳಿದಿದ್ದರು. ಸೀನಪ್ಪಣ್ಣ ಬಣ್ಣ ಕೆರೆದು ಅಳೆದರು. ಹನ್ನೆರಡು ಮಿಲಿಮೀಟರ್ ಇರಬೇಕಾದಲ್ಲಿ ಏಳು. ಕೆಲವೆಡೆ ಐದು. ಒಂದು ಮೂಲೆಯಲ್ಲಿ ಮೂರೂವರೆ. ಪ್ಲೇಟು ಕಾಲು ಭಾಗ ಸವೆದಿದ್ದರೂ ಬದಲಾಯಿಸಬೇಕು ಎಂಬುದು ನಿಯಮ. ಅವರು ಸೀಮೆಸುಣ್ಣದಿಂದ ನಲವತ್ತೊಂದು ವೃತ್ತ ಎಳೆದು, ಒಂದೊಂದರೊಳಗೂ ಅಳತೆ ಬರೆದು ಬಂದರು.

ಮರುದಿನ ಹೋದರೆ ವೃತ್ತಗಳ ಮೇಲೆ ಬೂದು ಬಣ್ಣ ಬಳಿದಾಗಿತ್ತು. ಯಾರು ಬಳಿದರೆಂದು ಕೇಳಿದರೆ ಹಡಗಿನಲ್ಲಿ ಯಾರಿಗೂ ಗೊತ್ತಿಲ್ಲ. ಮತ್ತೆ ಕೆರೆದರು, ಮತ್ತೆ ಬರೆದರು. ಮೂರನೆಯ ದಿನ ಮತ್ತೆ ಬಣ್ಣ. ಈ ಸಲ ಮೂರೂವರೆ ಮಿಲಿಮೀಟರಿನ ಮೂಲೆಗೆ ಎರಡು ಕೋಟ್.

“ಕಳ್ಳರು ಬಂದು ಹೋದ ಮನೆಯ ಹಾಗೆ ಆಗ್ತದೆ ಒಳಗೆ ಇಳಿದ್ರೆ,” ಎಂದರು ನನ್ನ ಮೇಜಿನ ಮುಂದೆ ನಿಂತು. ಕೈಯ ಹಾಳೆ ಜೆಲ್ಲು ತಾಗಿ ಒದ್ದೆಯಾಗಿತ್ತು. “ಎಲ್ಲ ಟೈಪ್ ಮಾಡಿ. ಒಂದೂ ಬಿಡ್ಬೇಡಿ.”

ನಾನು ನಲವತ್ತೊಂದನ್ನೂ ಟೈಪ್ ಮಾಡಿದೆ. ನಮ್ಮ ಮ್ಯಾನೇಜರ್ ಮಾರಿಸ್ ಸರ್ ಅದನ್ನು ಓದಿ ಡ್ರಾಯರಿನಲ್ಲಿ ಇಟ್ಟುಕೊಂಡರು. ಮಾರಿಸ್ ಸರ್ ನಮ್ಮ ಕಡೆಯವರೇ, ಕಲ್ಯಾಣಪುರದವರು. ನನ್ನನ್ನು ಈ ಕೆಲಸಕ್ಕೆ ಸೇರಿಸಿದವರು, ಶುಕ್ರವಾರದ ಚರ್ಚಿನ ಪೂಜೆಗೆ ತಮ್ಮ ಕಾರಿನಲ್ಲಿ ಕರೆದೊಯ್ಯುವವರು. “ನಾಲ್ಕನೇ ಟ್ಯಾಂಕ್ ಆಮೇಲೆ ನೋಡುವ. ಈಗ ಕಳಿಸಬೇಡ,” ಎಂದರು.

ಹಡಗು ಜೂನ್‌ಗಿಂತ ಮೊದಲು ನಮೀಬಿಯಾ ತಲುಪಬೇಕಿತ್ತು. ಆಮೇಲೆ ಅಲ್ಲಿ ಚಳಿಗಾಲ, ದೊಡ್ಡ ಅಲೆಗಳು. ತಡವಾದರೆ ಒಪ್ಪಂದ ಕೈತಪ್ಪುತ್ತದೆ ಎಂದು ಮಾಲೀಕರ ಕಡೆಯವರು ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದರು.

ಅದೇ ವಾರ ಕೃತಿಕ್ ಆ ಹಡಗಿಗೆ ಸೇರಿದ್ದಾನೆಂಬ ಸುದ್ದಿ ಸೀನಪ್ಪಣ್ಣನಿಗೆ ತಲುಪಿತು. ಹಮದ್ ಬಂದರಿನ ಕೆಲಸ ಬಿಟ್ಟಿದ್ದ. ಮಾವನಿಗೆ ಹೇಳಿದರೆ ಬೇಡ ಎನ್ನುತ್ತಾರೆಂದು ಮೊದಲೇ ಹೇಳಿರಲಿಲ್ಲ. ಮೂವತ್ತೊಂದು ವರ್ಷ, ಮದುವೆಯಾಗಿ ಒಂದೂವರೆ ವರ್ಷ. ಹೆಂಡತಿ ಗ್ರೀಷ್ಮಾ ದೋಹಾದಲ್ಲೇ ಒಂದು ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿದ್ದಳು. ಹೊಸ ಕೆಲಸದ ಖುಷಿಗೆ ಮಾವನನ್ನು ದೋಹಾದ ಹಳೆಯ ಪೇಟೆ ಸೂಕ್ ವಾಕಿಫ್‌ಗೆ ಊಟಕ್ಕೆ ಕರೆದರು. ನನ್ನನ್ನೂ ಕರೆದಿದ್ದರು.

“ವಜ್ರದ ಹಡಗು ಮಾವ!” ಎಂದ ಕೃತಿಕ್. “ಆದ್ರೆ ವಜ್ರ ನೋಡ್ಲಿಕ್ಕೆ ಮಾತ್ರ ಸಿಗುದಿಲ್ಲ. ಇಳಿಯುವಾಗ ಚಪ್ಪಲಿ ಸಹ ಬಿಚ್ಚಿ ಚೆಕ್ ಮಾಡ್ತಾರಂತೆ.”

ಸೀನಪ್ಪಣ್ಣ ತಟ್ಟೆಯಿಂದ ಕೈ ತೆಗೆದರು. “ಆ ಹಡಗು ಬೇಡ ಮಾರಾಯ. ಬೇರೆ ಯಾವುದಾದ್ರೂ ನೋಡು.”

“ನಿಮಗೆ ಸಮುದ್ರ ಅಂದ್ರೇ ವಾಂತಿ ಮಾವ,” ಎಂದು ಕೃತಿಕ್ ನಕ್ಕ. ಗ್ರೀಷ್ಮಾ ಕೂಡ ನಕ್ಕಳು. ಸೀನಪ್ಪಣ್ಣ ನಗಲಿಲ್ಲ.

“ನಾಡಿದ್ದು ಬೆಳಿಗ್ಗೆ ನನ್ನ ಒಟ್ಟಿಗೆ ಟ್ಯಾಂಕಿಗೆ ಇಳಿ. ಆಮೇಲೆ ಹೇಳು.”

ಆ ಬೆಳಿಗ್ಗೆ ನಡೆದದ್ದನ್ನು ಕೃತಿಕ್ ನನಗೆ ಬಹಳ ದಿನಗಳ ನಂತರ ಹೇಳಿದ. ಟ್ಯಾಂಕಿನೊಳಗೆ ವಿಷಗಾಳಿ ಇಲ್ಲವೆಂದು ಚೆಕ್ ಮಾಡಿಸಿ, ಮುಚ್ಚಳದ ಕಿಂಡಿಯಿಂದ ಇಬ್ಬರೂ ಏಣಿ ಇಳಿದರು. ಒಳಗೆ ಕತ್ತಲೆ, ತಲೆಗೆ ಕಟ್ಟಿದ ಲೈಟಿನ ಬೆಳಕು ಮಾತ್ರ. ಸೀನಪ್ಪಣ್ಣ ಮೊದಲು ಒಳ್ಳೆಯ ಗೋಡೆಗೆ ತಟ್ಟಿ ಕೇಳಿಸಿದರು. ಆಮೇಲೆ ಅವನನ್ನು ಆ ಮೂಲೆಗೆ ಕರೆದುಕೊಂಡು ಹೋಗಿ ಸುತ್ತಿಗೆ ಕೈಗೆ ಕೊಟ್ಟರು.

“ಹೊಡಿ.”

“ಜೋರಾಗಿಯಾ?”

“ಬಾಗಿಲು ತಟ್ಟುವ ಹಾಗೆ ಸಾಕು.”

ಮೆಷಿನ್ ಇಟ್ಟ ಜಾಗಕ್ಕಿಂತ ಅಲ್ಲಿ ಉಕ್ಕು ಇನ್ನೂ ತೆಳ್ಳಗಿತ್ತು. ಎರಡನೆಯ ಪೆಟ್ಟಿಗೆ ಸುತ್ತಿಗೆಯ ಮೂತಿ ಉಕ್ಕಿನೊಳಗೆ ಹೂತುಹೋಯಿತು. ಕೃತಿಕ್ ಅದನ್ನು ಎಳೆದು ತೆಗೆದ. ನಿಂಬೆಹಣ್ಣಿನ ಗಾತ್ರದ ತೂತು. ಅದರಿಂದ ಹಸಿರು ಬೆಳಕು ಒಳಗೆ ಬಂತು. ಆಚೆ ಬದಿಯಲ್ಲಿ, ಮೊಳದಷ್ಟು ಕೆಳಗೆ, ಮೂನ್‌ಪೂಲಿನ ನೀರು ಏರಿ ಇಳಿಯುತ್ತಿತ್ತು. ಮೇಲೆ ಬಂದ ಮೇಲೆ ಕೃತಿಕ್ ಹೇಳಿದ್ದು ಇಷ್ಟೇ: “ಇದನ್ನು ಸರಿ ಮಾಡದಿದ್ರೆ ನಾನು ಹೋಗುದಿಲ್ಲ ಮಾವ.”

ತೂತು ಬಿದ್ದ ಮೇಲೆ ಮುಚ್ಚಿಡುವಂತಿರಲಿಲ್ಲ. ಮಾಲೀಕರ ಕಡೆಯವರು ಬಂದು ಕೂಗಾಡಿದರು. ನಮ್ಮವರು ಬೇಕೆಂದೇ ಒಡೆದರು ಎಂದರು. ಕೊನೆಗೆ ಆ ಮೂಲೆಯ ಮೇಲೆ ಎರಡೂ ಬದಿಯಿಂದ ಹೊಸ ಪ್ಲೇಟು ಇಟ್ಟು ವೆಲ್ಡ್ ಮಾಡಿದರು. ಬಾಗಿಲಿನಷ್ಟು ಅಗಲದ ತೇಪೆ. ಸುತ್ತಲಿನ ಸವೆದ ಗೋಡೆ ಹಾಗೇ ಉಳಿಯಿತು.

“ಹೊಸ ಪ್ಲೇಟು ಗಟ್ಟಿ, ಸುತ್ತ ಎಲ್ಲ ಮೆತ್ತಗೆ,” ಎಂದರು ಸೀನಪ್ಪಣ್ಣ. “ಅಲೆಗೆ ಹಡಗು ತಿರುಚುವಾಗ ತೇಪೆಯ ಅಂಚಿನಲ್ಲೇ ಸೀಳ್ತದೆ. ನಾನು ಸಹಿ ಹಾಕುದಿಲ್ಲ ಮಾರಿಸ್ ಸರ್.”

“ಸರಿ, ನಿಮ್ಮಿಷ್ಟ,” ಎಂದರು ಮಾರಿಸ್ ಸರ್ ಮೆತ್ತಗೆ. ಮರುದಿನವೇ ಅವರನ್ನು ಹಮದ್ ಬಂದರಿನ ಬೇರೆ ಕೆಲಸಕ್ಕೆ ಹಾಕಿದರು.

ಮಾರ್ಚ್ ಇಪ್ಪತ್ತೆಂಟು, ಮಂಗಳವಾರ ಮಧ್ಯಾಹ್ನ ಮಾರಿಸ್ ಸರ್ ನನ್ನನ್ನು ಒಳಗೆ ಕರೆದರು. ನಾಲ್ಕನೇ ಟ್ಯಾಂಕಿನ ಅಳತೆಗಳ ಜಾಗದಲ್ಲಿ ಚೆನ್ನಾಗಿದ್ದ ಮೂರನೇ ಟ್ಯಾಂಕಿನದನ್ನೇ ಹಾಕಲು ಹೇಳಿದರು. ಸ್ವಲ್ಪ ಹೆಚ್ಚುಕಡಿಮೆ ಮಾಡು, ಒಂದೇ ರೀತಿ ಕಾಣಬಾರದು ಎಂದರು.

“ಸಹಿ?” ಎಂದು ಕೇಳಿದೆ.

“ಹಳೆಯ ವರದಿಗಳಲ್ಲಿ ಉಂಟಲ್ಲ. ಬೆನಿಟಾ, ಇದೆಲ್ಲ ಬರೀ ಫಾರ್ಮಾಲಿಟಿ. ಮುಗಿಸಿ ಹೋಗು, ಖಲಾಸ್.”

ನನ್ನನ್ನು ಯಾರೂ ಹೆದರಿಸಲಿಲ್ಲ. ಇಲ್ಲ ಎಂದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ, ಯಾಕೆಂದರೆ ನಾನು ಇಲ್ಲ ಎನ್ನಲಿಲ್ಲ. ಹಡಗು ಎಳೆಯುವ ಒಂದು ಟಗ್ ಬೋಟಿನ ಎರಡು ವರ್ಷ ಹಿಂದಿನ ವರದಿ ತೆರೆದು, ಸೀನಪ್ಪಣ್ಣನ ಸಹಿಯನ್ನು ಕತ್ತರಿಸಿ ತಂದು ಇಲ್ಲಿ ಅಂಟಿಸಿದೆ. ಕೊನೆಯ ಅಕ್ಷರದ ಬಾಲ ಉದ್ದಕ್ಕೆ ಎಳೆದ ಕನ್ನಡದ ಸಹಿ. ಐದು ನಿಮಿಷದ ಕೆಲಸ. ಸಂಜೆ ಮನೆಗೆ ಹೋಗಿ ಮೀನು ಸಾರು ಮಾಡಿ ಉಂಡೆ.

ಏಪ್ರಿಲ್ ಎರಡರಂದು ಹಡಗು ಹೊರಟಿತು. ಕೃತಿಕ್ ಹೋಗಿಲ್ಲ ಎಂದೇ ಸೀನಪ್ಪಣ್ಣ ತಿಳಿದಿದ್ದರು. ಎರಡು ದಿನ ಬಿಟ್ಟು ಅವರು ನನ್ನ ಮೇಜಿಗೆ ಬಂದು ಫೋನ್ ಮುಂದಿಟ್ಟರು. ಕೃತಿಕ್‌ನ ಮೆಸೇಜು: ‘ಮಾವ, ಚೀಫ್ ಆಫೀಸರ್ ವರದಿ ತೋರಿಸಿದ್ರು. ನಿಮ್ಮ ಸಹಿ ನೋಡಿ ಧೈರ್ಯ ಬಂತು. ಹೊರಟೆ. ಗ್ರೀಷ್ಮಾಳನ್ನು ನೋಡಿಕೊಳ್ಳಿ.’

“ಈ ಸಹಿ ನಂದಲ್ಲ,” ಎಂದರು. “ಯಾರು ಹಾಕಿದ್ದು ಬಾಯಿ?”

“ನನಗೆ ಗೊತ್ತಿಲ್ಲ ಸೀನಪ್ಪಣ್ಣ,” ಎಂದೆ.

ಅವರು ಮಾರಿಸ್ ಸರ್ ಕೋಣೆಗೆ ಹೋದರು. ಬಾಗಿಲು ಮುಚ್ಚಿತ್ತು, ಆದರೂ ಕೂಗು ಕೇಳಿಸಿತು. ಹೊರಬಂದಾಗ ಅವರಿಗೆ ಕೆಲಸ ಇರಲಿಲ್ಲ. ಹಡಗಿನ ಪ್ರಮಾಣಪತ್ರ ಕೊಡುವ ಸಂಸ್ಥೆಗೆ ಈಮೇಲ್ ಬರೆಸಿದರು. ನಿಮ್ಮದೇ ಸಹಿಯ ವರದಿಯನ್ನು ನೀವೇ ಅಲ್ಲಗಳೆಯುತ್ತಿದ್ದೀರಿ, ವಿವರಣೆ ಕೊಡಿ ಎಂದು ಉತ್ತರ ಬಂತು. ಕೊಟ್ಟ ವಿವರಣೆಗೆ ಉತ್ತರ ಬರಲಿಲ್ಲ.

ಕೃತಿಕ್‌ಗೆ ನಿಜ ತಿಳಿದಾಗ ಹಡಗು ಹೋರ್ಮುಜ್ ಜಲಸಂಧಿ ದಾಟಿ ಅರಬ್ಬೀ ಸಮುದ್ರದಲ್ಲಿತ್ತು. ದಾರಿಯಲ್ಲಿ ಎಲ್ಲೂ ದಡ ಮುಟ್ಟಲಿಲ್ಲ, ಅವನು ಇಳಿಯುವಂತಿರಲಿಲ್ಲ. ಆಗ ಸೀನಪ್ಪಣ್ಣ ಅವನಿಗೆ ಒಂದು ಕೆಲಸ ಹೇಳಿದರು. ದಿನವೂ ನಾಲ್ಕನೇ ಟ್ಯಾಂಕಿನ ಹೊರಗೋಡೆಗೆ, ಪಂಪಿನ ಕೋಣೆಯ ಕಡೆಯಿಂದ, ಸುತ್ತಿಗೆಯಿಂದ ತಟ್ಟು. ಒಂದೇ ಜಾಗ, ಒಂದೇ ಜೋರು. ಅದನ್ನು ರೆಕಾರ್ಡ್ ಮಾಡಿ ಕಳಿಸು.

ಹಡಗಿನಲ್ಲಿ ಇಂಟರ್ನೆಟ್ ಸಿಕ್ಕಾಗಲೆಲ್ಲ ಮೂರು ನಾಲ್ಕು ದಿನದ ಸದ್ದುಗಳು ಒಟ್ಟಿಗೆ ಬರುತ್ತಿದ್ದವು. ಗ್ರೀಷ್ಮಾಳ ಮನೆಯಲ್ಲಿ ಕುಳಿತು ಅವರು ಅವನ್ನು ಕಿವಿಗೆ ಹಿಡಿದು ಕೇಳುತ್ತಿದ್ದರು. ನಾನೂ ಕೆಲವು ಸಂಜೆ ಅಲ್ಲಿಗೆ ಹೋಗುತ್ತಿದ್ದೆ. ತಪ್ಪು ಮಾಡಿದವಳು ಯಾಕೆ ಹೋಗುತ್ತಿದ್ದೆನೋ, ಹೋಗದೆ ಇರಲಾಗುತ್ತಿರಲಿಲ್ಲ. ಗ್ರೀಷ್ಮಾ ಅವರ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದಳು. ಅವರು ತಲೆಯಾಡಿಸಿದ ಮೇಲೆ ಅಡುಗೆಮನೆಗೆ ಹೋಗುತ್ತಿದ್ದಳು.

ಮೇ ಮಧ್ಯದಲ್ಲಿ ಹಡಗು ಜಾಗ ತಲುಪಿ ಕೊಳವೆ ಇಳಿಸಿತು. ಜೂನ್ ಹದಿನಾರರಂದು ಬಂದ ಸದ್ದನ್ನು ಸೀನಪ್ಪಣ್ಣ ಮೂರು ಸಲ ಕೇಳಿದರು. ಆಮೇಲೆ ಫೋನ್ ನನ್ನ ಕಿವಿಗೆ ಹಿಡಿದರು. ಮೊದಲು ಪೆಟ್ಟು. ಅದರ ಹಿಂದೆಯೇ, ಕಂಚಿನ ಪಾತ್ರೆ ಬಿರುಕು ಬಿಟ್ಟಾಗ ಬರುವಂಥ ಒಂದು ಸಣ್ಣ ಕಿರುಗುಟ್ಟುವಿಕೆ.

‘ತೇಪೆಯ ಅಂಚು ಬಿಟ್ಟಿದೆ. ಕ್ಯಾಪ್ಟನಿಗೆ ಹೇಳು. ಇವತ್ತೇ ಹೇಳು,’ ಎಂದು ಬರೆದರು.

ಕೃತಿಕ್ ಹೇಳಿದ. ಕ್ಯಾಪ್ಟನ್ ಕೇಳಲಿಲ್ಲ. ಹದಿನೆಂಟರಂದು ಅಲೆ ಏಳತೊಡಗಿದಾಗ ಪಂಪಿನ ಕೋಣೆಯ ಗೋಡೆಯಲ್ಲಿ ನೀರು ಬೆವರಿನಂತೆ ಒಸರುವುದನ್ನು ಕಂಡು ಅವನು ಕ್ಯಾಪ್ಟನನ್ನು ಕೈಹಿಡಿದು ಕೆಳಗೆ ಕರೆತಂದ. ಕೊಳವೆ ಕತ್ತರಿಸಿ ಬಿಟ್ಟು, ಹಡಗನ್ನು ದಡದ ಕಡೆ ತಿರುಗಿಸಿ, ಜನರನ್ನೆಲ್ಲ ಮೇಲಿನ ಡೆಕ್ಕಿಗೆ ಕರೆಸುವಷ್ಟು ಸಮಯ ಸಿಕ್ಕಿತು. ಹತ್ತೊಂಬತ್ತರ ಬೆಳಿಗ್ಗೆ ಹನ್ನೊಂದಕ್ಕೆ ಮೂನ್‌ಪೂಲಿನ ಬಲಗೋಡೆ ಸೀಳಿತು. ಗೋಪುರ ಒಂದು ಬದಿಗೆ ವಾಲಿ ಬಿತ್ತು. ಮೂವತ್ತೈದು ಮಂದಿಯಲ್ಲಿ ಮೂವತ್ತಮೂರು ಮಂದಿಯನ್ನು ಹೆಲಿಕಾಪ್ಟರ್ ಮತ್ತು ಇನ್ನೊಂದು ಹಡಗು ಎತ್ತಿಕೊಂಡವು. ನೀರು ಹೊರಗೆ ಹಾಕಲು ಪಂಪಿನ ಕೋಣೆಯಲ್ಲೇ ಉಳಿದಿದ್ದ ಇಬ್ಬರು ಫಿಲಿಪ್ಪೀನ್ಸಿನವರು ಸಿಗಲಿಲ್ಲ. ಕೃತಿಕ್ ಬದುಕಿದ. ಬಲಗೈಯ ಎರಡು ಬೆರಳು ಹೋದವು.

ಜುಲೈಯಲ್ಲಿ ವಿಮೆಯವರ ವಕೀಲರು ದೋಹಾಕ್ಕೆ ಬಂದರು. ಅವರ ಕೈಯಲ್ಲಿದ್ದುದು ಒಂದೇ ವರದಿ, ಅದರ ಕೆಳಗಿದ್ದುದು ಒಂದೇ ಸಹಿ. ಅಳೆದವರು ಕೊಟ್ಟ ಲೆಕ್ಕವನ್ನು ನಂಬಿ ಕಳಿಸಿದೆ ಎಂದರು ಮಾರಿಸ್ ಸರ್. ದೂರು ದಾಖಲಾಯಿತು. ಸೀನಪ್ಪಣ್ಣ ದೇಶ ಬಿಟ್ಟು ಹೋಗುವಂತಿಲ್ಲ ಎಂದಾಯಿತು. ಉಚ್ಚಿಲದಲ್ಲಿ ಲಲಿತಮ್ಮನಿಗೆ ಜನ ಫೋನ್ ಮಾಡಿ ಕೇಳತೊಡಗಿದರು.

ಆ ಶನಿವಾರ ನಾನು ಅವರ ಕೋಣೆಗೆ ಹೋದೆ. ಅವರು ಅಕ್ಕಿ ಆರಿಸುತ್ತಿದ್ದರು. ನಿಂತೇ ಹೇಳಿದೆ: “ಸಹಿ ಅಂಟಿಸಿದ್ದು ನಾನು.”

ಅವರು ಅಕ್ಕಿಯಿಂದ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟರು. ಬೈಯಲಿಲ್ಲ. “ಯಾವ ವರದಿಯಿಂದ ತೆಗೆದದ್ದು?” ಎಂದು ಮಾತ್ರ ಕೇಳಿದರು.

“ಆ ಕೆಂಪು ಟಗ್ಗಿನದ್ದು. ಎರಡು ವರ್ಷ ಹಿಂದಿನದ್ದು.”

“ಆ ಟಗ್ಗು ಒಳ್ಳೆಯದಿತ್ತು,” ಎಂದರು. ತಟ್ಟೆ ಕೆಳಗಿಟ್ಟು ಎದ್ದು ಹೋಗಿ ಮುಖ ತೊಳೆದರು. ತಿರುಗಿ ಬಂದು ನನಗೆ ಕುಳಿತುಕೊಳ್ಳಲು ಹೇಳಲಿಲ್ಲ.

ನಾನು ಎಲ್ಲವನ್ನೂ ಬರೆದು ವಕೀಲರಿಗೆ ಕೊಟ್ಟೆ. ನಲವತ್ತೊಂದು ಅಳತೆಗಳ ಮೊದಲ ಟೈಪು ನನ್ನ ಕಂಪ್ಯೂಟರಿನಲ್ಲಿ ಉಳಿದಿತ್ತು, ಅದನ್ನೂ ಕೊಟ್ಟೆ. ನನ್ನ ಕೆಲಸ ಹೋಯಿತು. ಈಗ ನಾನೂ ಪ್ರಕರಣದಲ್ಲಿದ್ದೇನೆ, ದೇಶ ಬಿಡುವಂತಿಲ್ಲ. ನನ್ನ ಮಾತನ್ನು ಒಪ್ಪಿಕೊಂಡರೋ ಇಲ್ಲವೋ ಎರಡು ವರ್ಷವಾದರೂ ತಿಳಿದಿಲ್ಲ. ಕೃತಿಕ್, ಗ್ರೀಷ್ಮಾ ಊರಿಗೆ ಹೋದರು. ಅವನು ಮಾವನ ಜೊತೆ ದಿನವೂ ಮಾತಾಡುತ್ತಾನೆ. ನನ್ನ ಫೋನ್ ಒಮ್ಮೆ ಮಾತ್ರ ಎತ್ತಿದ. ಟ್ಯಾಂಕಿನೊಳಗಿನ ಆ ಬೆಳಗಿನ ಕಥೆ ಹೇಳಿ, ಇನ್ನು ಮಾಡಬೇಡಿ ಎಂದ.

ಸೀನಪ್ಪಣ್ಣ ಈಗ ಒಂದು ಹಾರ್ಡ್‌ವೇರ್ ಅಂಗಡಿಯ ಗೋದಾಮಿನಲ್ಲಿ ಕೆಲಸ ಮಾಡುತ್ತಾರೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ಕಳೆದ ವಾರ ಬಸ್ ನಿಲ್ದಾಣದಲ್ಲಿ ಸಿಕ್ಕರು. ನನ್ನ ಹೆಸರು ಹಿಡಿದು ಕರೆಯುವುದನ್ನು ಅವರು ಬಿಟ್ಟು ಬಹಳ ಕಾಲವಾಯಿತು. ಆದರೂ ಅಂದು ತಾವಾಗಿಯೇ ಬಂದು ಪಕ್ಕದಲ್ಲಿ ನಿಂತರು.

“ಉತ್ತರದ ಜೆಟ್ಟಿಗೆ ಇನ್ನೊಂದು ಬಂದಿದೆ,” ಎಂದರು. “ಅದೇ ಮಾಲೀಕರದ್ದು. ಬೇರೆ ಹೆಸರಿನ ಕಂಪೆನಿ. ಮೇಲೆ ಗೋಪುರ ಕಟ್ಟಿ ಆಗಿದೆ.”

“ಅಳೆಯುವವರು ಯಾರು?”

“ಹೊಸಬ. ಮೊನ್ನೆ ಅಂಗಡಿಗೆ ಬಂದಿದ್ದ.”

“ಎಂತ ತೆಗೊಂಡ?”

ಅವರ ಬಸ್ಸು ಬಂತು. ಹತ್ತುವಾಗ ತಿರುಗಿ ಹೇಳಿದರು: “ಬೂದು ಬಣ್ಣ. ಇಪ್ಪತ್ತು ಡಬ್ಬಿ.”